ಸಿದ್ಧ ಕೀಲಿಮಣೆಯ ಮಿತಿ ಮತ್ತು ಮಣಿಪಾಲದ ಉತ್ತರ



ಉಡುಪಿಯಿಂದ ಮಣಿಪಾಲ ದಾಟಿ ಪೂರ್ವಕ್ಕೆ ಹೋದರೆ ಪರ್ಕಳ ಸಿಗುತ್ತದೆ. ಅಲ್ಲಿಯ ವಿದ್ಯಾರ್ಥಿ ಇಂದು ಮೊಬೈಲಿನಲ್ಲಿ ಸಲೀಸಾಗಿ ಕನ್ನಡ ಬರೆಯುತ್ತಾನೆ. ಈ ಸೌಲಭ್ಯ ಯಂತ್ರದ ಜತೆಗೇ ಬಂದುದಲ್ಲ. ಇದರ ಇತಿಹಾಸದ ಒಂದು ಅಧ್ಯಾಯ ಪಕ್ಕದ ಮಣಿಪಾಲಕ್ಕೆ ಸೇರಿದೆ.

ಆ್ಯಪ್ ರಚಿಸುವವರು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಗುಂಡಿ, ಪಟ್ಟಿ, ಬರೆಯುವ ಚೌಕ, ಕೀಲಿಮಣೆ ಮೊದಲಾದ ಭಾಗಗಳು ಫೋನಿನ ವ್ಯವಸ್ಥೆಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಇದರಿಂದ ಶ್ರಮ ಉಳಿಯುತ್ತದೆ. ಆದರೆ ಅವನ್ನು ಮಾಡಿದವರು ಊಹಿಸದ ಅಗತ್ಯ ಎದುರಾದಾಗ ಸಿದ್ಧ ಭಾಗ ಸಾಲದೆ ಹೋಗುತ್ತದೆ.

ಕಂಪ್ಯೂಟರ್ ಕೀಲಿಮಣೆಯ ಕತೆಯೂ ಹೀಗೆಯೇ. ಅದರಲ್ಲಿದ್ದುದು 26 ಇಂಗ್ಲಿಷ್ ಅಕ್ಷರಗಳು. ಕಾಗುಣಿತ, ಒತ್ತಕ್ಷರಗಳಿಗೆ ಅಲ್ಲಿ ಎಡೆಯಿರಲಿಲ್ಲ. ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಜೋಡಿಸಬೇಕಾಗಿತ್ತು. ಮಣಿಪಾಲವನ್ನು ಕಾರ್ಯಕ್ಷೇತ್ರವಾಗಿಸಿಕೊಂಡ ಕೆ. ಪಿ. ರಾವ್ ಅವರು ಬೇರೆ ದಾರಿ ಹಿಡಿದರು. ಕೀಲಿಗೆ ಆಕಾರವನ್ನಲ್ಲ, ಧ್ವನಿಯನ್ನು ಕೊಟ್ಟರು. ಆಕಾರ ಕಟ್ಟುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟರು. ಸ, ತ, ರ ಕೀಲಿಗಳ ನಡುವೆ ಎರಡು ಬಾರಿ ಒತ್ತಿನ ಕೀಲಿ, ಕೊನೆಗೆ ಈಕಾರ: ಒಟ್ಟು ಆರು ಒತ್ತುಗಳಲ್ಲಿ ‘ಸ್ತ್ರೀ’ ಸಿದ್ಧ! ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟ ತಂತ್ರಾಂಶವನ್ನು ಅವರು ಉಚಿತವಾಗಿ ನೀಡಿದರು. ಮುಂದೆ ಸರ್ಕಾರ ಈ ವಿನ್ಯಾಸವನ್ನೇ ಅಂಗೀಕರಿಸಿತು. ‘ನುಡಿ’ಯಲ್ಲೂ ಅದೇ ಬಳಕೆಗೆ ಬಂತು.

ಮೊಬೈಲು ಬಂದಾಗ ಹಳೆಯ ಸಮಸ್ಯೆ ಮತ್ತೆ ತಲೆದೋರಿತು. 2009ರ ಆ್ಯಂಡ್ರಾಯ್ಡ್ 1.5 ಹೊರಗಿನವರ ಕೀಲಿಮಣೆಗಳಿಗೂ ಅವಕಾಶ ಕೊಟ್ಟಿತು. ಆದರೆ ಬರೆದುದು ತೆರೆಯಲ್ಲಿ ಕಾಣಬೇಡವೇ? ಫೋನಿನಲ್ಲಿ ಕನ್ನಡ ಲಿಪಿಯೇ ಇಲ್ಲದಿದ್ದರೆ ಕಾಣುವುದು ಖಾಲಿ ಚೌಕಗಳ ಸಾಲು. ಒಪೆರಾ ಮಿನಿ ಬ್ರೌಸರ್ ಅಂಥ ಲಿಪಿಗಳನ್ನು ಚಿತ್ರವಾಗಿ ತೋರಿಸುವ ಉಪಾಯ ಕಂಡುಕೊಂಡಿತ್ತು. 2012ರ ಆ್ಯಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಯೂನಿಕೋಡ್‌ನಲ್ಲಿ ಕನ್ನಡ ಸೇರಿದ್ದು 1991ರಲ್ಲಿ. ನಡುವೆ 21 ವರ್ಷಗಳು ಸಂದಿದ್ದವು. ಸಂಕೇತ ಸಿಕ್ಕ ಮಾತ್ರಕ್ಕೆ ಭಾಷೆ ತೆರೆಗೆ ಬರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಿರಿ.

2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಯೂ ಯೂನಿಕೋಡ್ ಸೇರಿತು. ಅದಕ್ಕೆ ಅಕ್ಷರವಿನ್ಯಾಸ ಬೇಕು, ಕೀಲಿಮಣೆ ಬೇಕು, ಬಳಸುವವರೂ ಬೇಕು. ಸಿದ್ಧ ಭಾಗ ಬರಲೆಂದು ಕಾಯುವಿರೋ, ನೀವೇ ಕಟ್ಟುವಿರೋ? ಪರ್ಕಳದ ಪಕ್ಕದ ಊರಿನ ಉದಾಹರಣೆಯಂತೂ ನಿಮ್ಮ ಕಣ್ಣಮುಂದಿದೆ.