ಸ್ವಿಟ್ಜರ್ಲೆಂಡಿನ ರೈಲ್ವೆ ಉದ್ಯಮ

ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕದಾದ ಸ್ವಿಟ್ಜರ್ಲೆಂಡಿನಲ್ಲಿ 5,000 ಕಿ.ಮೀ.ಗೂ ಹೆಚ್ಚು ರೈಲುಮಾರ್ಗವಿದೆ. ಅದರಲ್ಲಿ ಬಹುಮಟ್ಟಿಗೆ ಎಲ್ಲವೂ ವಿದ್ಯುದೀಕರಣಗೊಂಡಿದೆ. ಜಪಾನ್ ಇಲ್ಲವೆ ಫ್ರಾನ್ಸಿನಂತೆ ಗಂಟೆಗೆ 300 ಕಿ.ಮೀ. ವೇಗದಲ್ಲಿ ಓಡುವ ರೈಲು ಇಲ್ಲಿಲ್ಲ. ಆದರೂ ವರ್ಷಕ್ಕೆ ತಲಾ ಇಷ್ಟು ದೂರ ರೈಲಿನಲ್ಲಿ ಹೋಗುವ ಜನ ಯುರೋಪಿನ ಬೇರೆ ದೇಶಗಳಲ್ಲಿ ಸಿಗುವುದು ಕಷ್ಟ. ಈ ಉದ್ಯಮದ ಬಲವಿರುವುದು ವೇಗದಲ್ಲಲ್ಲ. ಯಾವ ರೈಲು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬುದನ್ನು ಮೊದಲು ಗೊತ್ತುಮಾಡಿ, ಹಳಿ, ಸುರಂಗ, ಗಾಡಿಗಳನ್ನು ಅದಕ್ಕೆ ತಕ್ಕಂತೆ ಕಟ್ಟಿಕೊಳ್ಳುವ ಪದ್ಧತಿಯಲ್ಲಿದೆ.

ದೇಶದೊಳಗಿನ ಮೊದಲ ಮಾರ್ಗ 1847ರಲ್ಲಿ ಜ್ಯೂರಿಕ್–ಬಾಡೆನ್ ನಡುವೆ ತೆರೆಯಿತು. ಆಮೇಲೆ ಖಾಸಗಿ ಕಂಪನಿಗಳು ಪೈಪೋಟಿಗೆ ಬಿದ್ದು ಹಳಿ ಹಾಕಿದವು, ಕೆಲವು ದಿವಾಳಿಯೂ ಎದ್ದವು. 1898ರ ಜನಮತಗಣನೆಯಲ್ಲಿ ಮತದಾರರು ರಾಷ್ಟ್ರೀಕರಣಕ್ಕೆ ಒಪ್ಪಿದರು. 1902ರಲ್ಲಿ ಸ್ವಿಸ್ ಫೆಡರಲ್ ರೈಲ್ವೇಸ್ (ಎಸ್‌ಬಿಬಿ) ಕಾರ್ಯಾರಂಭ ಮಾಡಿತು. ಖಾಸಗಿ ಹಾಗೂ ಪ್ರಾಂತೀಯ ರೈಲ್ವೆಗಳು ಮರೆಯಾಗಲಿಲ್ಲ. ಇಂದಿಗೂ ಜಾಲದ ಗಣನೀಯ ಭಾಗ ಅವುಗಳ ಕೈಯಲ್ಲಿದೆ.

ಕಲ್ಲಿದ್ದಲಿನ ಕೊರತೆಯೇ ಇಲ್ಲಿ ವರವಾಯಿತು. ದೇಶದಲ್ಲಿ ಕಲ್ಲಿದ್ದಲು ಇಲ್ಲವೆನ್ನುವಷ್ಟು ಕಡಿಮೆ, ಜಲಪಾತಗಳಿಗೆ ಬರವಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿನ ಆಮದು ಕುಸಿದು ರೈಲುಗಳ ಓಡಾಟವನ್ನೇ ಕಡಿತ ಮಾಡಬೇಕಾಯಿತು. ಆ ಹೊತ್ತಿಗೆ ವಿದ್ಯುತ್ ಎಳೆತದ ತಂತ್ರಜ್ಞಾನ ತಕ್ಕಮಟ್ಟಿಗೆ ಪಕ್ವವಾಗಿತ್ತು. ಬುರ್ಗ್‌ಡೋರ್ಫ್–ಥುನ್ ಮಾರ್ಗದಲ್ಲಿ 1899ರಲ್ಲೇ ಮೂರು ಫೇಸ್‌ನ ವಿದ್ಯುತ್ತಿನಿಂದ ರೈಲು ಓಡಿತ್ತು. ಒರ್ಲಿಕಾನ್ ಕಾರ್ಖಾನೆ ಜ್ಯೂರಿಕ್ ಸಮೀಪದ ಜೇಬಾಕ್–ವೆಟ್ಟಿಂಗೆನ್ ನಡುವೆ ಏಕ ಫೇಸ್‌ನ ಅಧಿಕ ಒತ್ತಡದ ವಿದ್ಯುತ್ತನ್ನು ಪ್ರಯೋಗ ಮಾಡಿ ನೋಡಿತ್ತು. ಹೀಗಾಗಿ 1920ರ ದಶಕದ ಆರಂಭದಲ್ಲಿ ಗೊತ್ತಾರ್ಡ್ ಘಟ್ಟದ ಮಾರ್ಗಕ್ಕೆ ತಂತಿ ಎಳೆದಾಗ ಎಂಜಿನ್ನಿಗಾಗಿ ಹೊರದೇಶದತ್ತ ನೋಡಬೇಕಾಗಲಿಲ್ಲ. ಎರಡೂ ಕಡೆ ಚಾಚಿದ ಉದ್ದ ಮೂತಿಗಳು ನಡುವಿನ ಕ್ಯಾಬಿನ್ನಿನಿಂದ ಬೇರೆಯಾಗಿ ತಿರುಗುವಂತಿದ್ದ ‘ಮೊಸಳೆ’ ಎಂಜಿನ್ನುಗಳು ಕಡಿದಾದ ತಿರುವುಗಳಲ್ಲಿ ಗೂಡ್ಸ್ ಗಾಡಿಗಳನ್ನು ಎಳೆದವು. ಯಂತ್ರಭಾಗ ವಿಂಟರ್‌ಥೂರ್‌ನ ಎಸ್‌ಎಲ್‌ಎಂ ಕಂಪನಿಯದು, ವಿದ್ಯುತ್ ಭಾಗ ಒರ್ಲಿಕಾನಿನದು. ಬಾಡೆನ್ನಿನ ಬ್ರೌನ್ ಬೊವೆರಿ ಈ ಸಾಲಿನ ಮೂರನೆಯ ಹೆಸರು.

ಬೆಟ್ಟ ಹತ್ತುವ ವಿದ್ಯೆಯಲ್ಲಂತೂ ಸ್ವಿಸ್ ಎಂಜಿನಿಯರುಗಳದೇ ಕೊನೆಯ ಮಾತು. ನಿಕ್ಲಾಸ್ ರಿಗೆನ್‌ಬಾಕ್ 1871ರಲ್ಲಿ ರಿಗಿ ಬೆಟ್ಟಕ್ಕೆ, ಗಾಡಿಯ ಹಲ್ಲುಚಕ್ರ ಕಚ್ಚಿಕೊಂಡು ಹತ್ತುವ ಹಲ್ಲುಹಳಿ ಹಾಕಿದ. ರೋಮನ್ ಆಬ್ಟ್ ಅಕ್ಕಪಕ್ಕದ ಪಟ್ಟಿಗಳಲ್ಲಿ ಹಲ್ಲುಗಳನ್ನು ಹಿಂದೆಮುಂದಾಗಿ ಜೋಡಿಸಿದ. ಇದರಿಂದ ಚಕ್ರದ ಒಂದಲ್ಲ ಒಂದು ಹಲ್ಲು ಸದಾ ಹಿಡಿತದಲ್ಲೇ ಇರುತ್ತಿತ್ತು, ಗಾಡಿಯ ಕುಲುಕಾಟ ತಗ್ಗಿತು. ಪಿಲಾಟುಸ್ ಬೆಟ್ಟದ ಮಾರ್ಗದ ಗರಿಷ್ಠ ಏರು ಶೇ. 48. ಅಷ್ಟು ಕಡಿದಾದಲ್ಲಿ ಮೇಲಿನಿಂದ ಕೂತ ಹಲ್ಲುಚಕ್ರ ಹಳಿ ಬಿಟ್ಟು ಎದ್ದುಬರುವ ಭಯವಿತ್ತು. ಎಡುವಾರ್ಡ್ ಲೋಕರ್ ಹಳಿಯ ಎರಡೂ ಪಕ್ಕಗಳಲ್ಲಿ ಹಲ್ಲು ಕೊರೆದು, ಅಡ್ಡಲಾಗಿ ಮಲಗಿಸಿದ ಜೋಡಿಚಕ್ರಗಳು ಅದನ್ನು ಅವುಚಿಕೊಳ್ಳುವಂತೆ ಮಾಡಿದ. 1889ರಲ್ಲಿ ತೆರೆದ ಆ ಮಾರ್ಗ ಈಗಲೂ ಅದೇ ಉಪಾಯದ ಮೇಲೆ ನಡೆಯುತ್ತಿದೆ.

ಇಂದಿನ ಸ್ವಿಸ್ ರೈಲ್ವೆಯ ಜೀವಾಳವೆಂದರೆ 1982ರಲ್ಲಿ ಬಂದ ತಾಸಿನ ಲೆಕ್ಕದ ವೇಳಾಪಟ್ಟಿ. ಪ್ರತಿ ಮುಖ್ಯ ಮಾರ್ಗದಲ್ಲೂ ತಾಸಿಗೊಂದಾದರೂ ರೈಲು, ಪ್ರತಿ ತಾಸಿನಲ್ಲೂ ಅದೇ ನಿಮಿಷಕ್ಕೆ. 1987ರಲ್ಲಿ ಜನ ಒಪ್ಪಿದ ‘ರೈಲು 2000’ ಯೋಜನೆ ಇದನ್ನು ಇನ್ನೂ ಬಿಗಿ ಮಾಡಿತು. ತಾಸು ತುಂಬುವ ಕೆಲವು ನಿಮಿಷ ಮೊದಲು ಎಲ್ಲ ದಿಕ್ಕಿನ ರೈಲುಗಳೂ ದೊಡ್ಡ ಜಂಕ್ಷನ್ನಿಗೆ ಬಂದು ಸೇರುತ್ತವೆ. ಪ್ರಯಾಣಿಕರು ಪ್ಲಾಟ್‌ಫಾರಂ ದಾಟಿ ಗಾಡಿ ಬದಲಿಸುತ್ತಾರೆ. ತಾಸು ದಾಟಿದ ಕೂಡಲೇ ಎಲ್ಲವೂ ಹೊರಡುತ್ತವೆ. ಹೀಗಾಗಬೇಕಾದರೆ ಎರಡು ಜಂಕ್ಷನ್‌ಗಳ ನಡುವಿನ ಪ್ರಯಾಣ ಒಂದು ತಾಸಿಗೆ ಅಥವಾ ಅರ್ಧ ತಾಸಿಗೆ ತುಸು ಕಡಿಮೆ ಇರಲೇಬೇಕು. ಬರ್ನ್–ಜ್ಯೂರಿಕ್ ಪ್ರಯಾಣಕ್ಕೆ ತಾಸಿಗಿಂತ ಹೆಚ್ಚು ಹಿಡಿಯುತ್ತಿತ್ತು. ಮಾಟ್‌ಷ್ಟೆಟನ್–ರೋತ್ರಿಸ್ಟ್ ನಡುವೆ ಗಂಟೆಗೆ 200 ಕಿ.ಮೀ. ವೇಗದ ಹೊಸ ಹಳಿ ಹಾಕಿ 2004ರ ಡಿಸೆಂಬರಿನಲ್ಲಿ ಅದನ್ನು 56 ನಿಮಿಷಕ್ಕೆ ಇಳಿಸಿದರು. ಅಲ್ಲಿಗೇ ನಿಲ್ಲಿಸಿದರು, 45 ನಿಮಿಷಕ್ಕೆ ಇಳಿಸಿದ್ದರೆ ಪ್ರಯಾಣಿಕರು ಜಂಕ್ಷನ್ನಿನಲ್ಲಿ ಹೆಚ್ಚು ಹೊತ್ತು ಕಾಯಬೇಕಾಗುತ್ತಿತ್ತಷ್ಟೆ. ವೇಗಕ್ಕೆ ಹೀಗೆ ಲಗಾಮು ಹಾಕಿ ದುಡ್ಡು ಉಳಿಸಿದ ಉದಾಹರಣೆ ರೈಲ್ವೆ ಚರಿತ್ರೆಯಲ್ಲಿ ಅಪರೂಪ. ಮೂರು ನಿಮಿಷ ತಡವಾದರೆ ಎಸ್‌ಬಿಬಿ ಅದನ್ನು ತಡವೆಂದೇ ಎಣಿಸುತ್ತದೆ. ಆ ಕಟ್ಟುನಿಟ್ಟಿನಲ್ಲೂ ಇತ್ತೀಚಿನ ವರ್ಷಗಳಲ್ಲಿ ಸಮಯಪಾಲನೆ ಶೇ. 90ರ ಮೇಲಿದೆ.

ಸುರಂಗಗಳ ಮಾತು ಬೇರೆ. 57 ಕಿ.ಮೀ. ಉದ್ದದ ಗೊತ್ತಾರ್ಡ್ ತಳಸುರಂಗ 2016ರಲ್ಲಿ ತೆರೆದು ಜಗತ್ತಿನ ಅತಿ ಉದ್ದದ ರೈಲು ಸುರಂಗವಾಯಿತು. ಅದಕ್ಕೆ ಮೊದಲು 2007ರಲ್ಲಿ ಲೋಚ್‌ಬರ್ಗ್, ಆಮೇಲೆ 2020ರಲ್ಲಿ ಚೆನೇರಿ ಸುರಂಗಗಳು ಸಿದ್ಧವಾದವು. ಆಲ್ಪ್ಸ್ ದಾಟುವ ಸರಕನ್ನು ಲಾರಿಯಿಂದ ರೈಲಿಗೆ ವರ್ಗಾಯಿಸುವುದು ಇವುಗಳ ಉದ್ದೇಶ. ಹಣದ ದಾರಿಯನ್ನೂ ಮತದಾರರೇ ತೋರಿದರು. 2001ರಿಂದ ಭಾರಿ ಲಾರಿಗಳು ದೂರ ಹಾಗೂ ತೂಕಕ್ಕೆ ತಕ್ಕಂತೆ ಶುಲ್ಕ ತೆರಬೇಕು. 2014ರ ಜನಮತಗಣನೆ ಹಳಿಗಳ ನಿರ್ವಹಣೆ, ವಿಸ್ತರಣೆಗೆಂದು ಶಾಶ್ವತ ನಿಧಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರ ಬದಲಾದಂತೆಲ್ಲ ರೈಲ್ವೆ ಬಜೆಟ್ಟು ಏರಿಳಿಯುವ ಕಾಟ ಇದರಿಂದ ತಪ್ಪಿದೆ.

ಗಾಡಿ ತಯಾರಿಕೆಯ ಕಥೆ ಇಷ್ಟು ಸುಗಮವಲ್ಲ. 1988ರಲ್ಲಿ ಬ್ರೌನ್ ಬೊವೆರಿ ಸ್ವೀಡನ್ನಿನ ಆಸಿಯಾ ಜತೆ ಸೇರಿ ಎಬಿಬಿ ಆಯಿತು. ಅದರ ರೈಲು ವಿಭಾಗ ಆಡ್‌ಟ್ರಾಂಜ್, ಬೊಂಬಾರ್ಡಿಯರ್ ಕೈದಾಟಿ ಕೊನೆಗೆ ಆಲ್‌ಸ್ಟಾಮ್ ಸೇರಿತು. ಎಸ್‌ಎಲ್‌ಎಂ ಚೂರುಚೂರಾಯಿತು. ಈ ಖಾಲಿ ಜಾಗದಲ್ಲಿ ಬೆಳೆದದ್ದು ಬುಸ್‌ನಾಂಗ್ ಹಳ್ಳಿಯ ಸ್ಟಾಡ್ಲರ್. 1989ರಲ್ಲಿ ಪೀಟರ್ ಷ್ಪೂಲರ್ ವಹಿಸಿಕೊಂಡಾಗ ಅಲ್ಲಿದ್ದವರು ಸುಮಾರು 18 ಮಂದಿ. ಈಗ ಹತ್ತು ಸಾವಿರಕ್ಕೂ ಮಿಕ್ಕಿ ನೌಕರರಿದ್ದಾರೆ. ದೊಡ್ಡ ಕಂಪನಿಗಳು ಬೇಡವೆಂದ ಸಣ್ಣ ಆರ್ಡರುಗಳನ್ನು, ಹಲ್ಲುಹಳಿ ಗಾಡಿ, ನ್ಯಾರೋಗೇಜ್ ಬೋಗಿಗಳನ್ನು, ಹಿಡಿದುಕೊಂಡು ಅದು ಬೆಳೆಯಿತು. ಬಳಿಕ ‘ಫ್ಲರ್ಟ್’ ಎಂಬ ಪ್ರಾದೇಶಿಕ ರೈಲನ್ನು ಹತ್ತಾರು ದೇಶಗಳಿಗೆ ಮಾರಿತು. 2022ರ ಅಕ್ಟೋಬರಿನಲ್ಲಿ ರೇಷಿಯನ್ ರೈಲ್ವೆ ಆಲ್ಬುಲಾ ಘಟ್ಟದಲ್ಲಿ ನೂರು ಬೋಗಿಗಳ, ಸುಮಾರು 1.9 ಕಿ.ಮೀ. ಉದ್ದದ ಪ್ರಯಾಣಿಕರ ರೈಲು ಓಡಿಸಿ ವಿಶ್ವದಾಖಲೆ ಮಾಡಿತಲ್ಲ, ಆ ಗಾಡಿಗಳೂ ಸ್ಟಾಡ್ಲರ್‌ನವೇ.

ಸೋಲುಗಳೂ ಇವೆ. 2010ರಲ್ಲಿ ಎಸ್‌ಬಿಬಿ ಬೊಂಬಾರ್ಡಿಯರ್‌ಗೆ ಆರ್ಡರ್ ಕೊಟ್ಟ ದೂರಪ್ರಯಾಣದ ಡಬಲ್‌ಡೆಕರ್ ರೈಲುಗಳು ವರ್ಷಗಟ್ಟಲೆ ತಡವಾಗಿ 2018ರಲ್ಲಿ ಹಳಿಗಿಳಿದವು. ತಿರುವುಗಳಲ್ಲಿ ವೇಗವಾಗಿ ಸಾಗಲು ಅವುಗಳಲ್ಲಿ ಅಳವಡಿಸಿದ್ದ ಏರ್ಪಾಡನ್ನು 2022ರಲ್ಲಿ ಕೈಬಿಟ್ಟದ್ದರಿಂದ ಅದನ್ನೇ ನೆಚ್ಚಿದ್ದ ವೇಳಾಪಟ್ಟಿಯ ಲೆಕ್ಕ ತಪ್ಪಿತು. 2023ರ ಆಗಸ್ಟಿನಲ್ಲಿ ಗೂಡ್ಸ್ ಗಾಡಿಯೊಂದು ಚಕ್ರ ಒಡೆದು ಗೊತ್ತಾರ್ಡ್ ತಳಸುರಂಗದಲ್ಲಿ ಹಳಿ ತಪ್ಪಿತು. ಸುರಂಗ ಪೂರ್ತಿಯಾಗಿ ತೆರೆಯಲು ಮುಂದಿನ ವರ್ಷದ ಸೆಪ್ಟೆಂಬರ್ ಬರಬೇಕಾಯಿತು. ಎಲ್ಲವನ್ನೂ ಒಂದಕ್ಕೊಂದು ಬಿಗಿದ ವ್ಯವಸ್ಥೆಯಲ್ಲಿ ಒಂದು ಕೊಂಡಿ ಕಳಚಿದರೆ ಪೆಟ್ಟು ದೂರದವರೆಗೂ ತಟ್ಟುತ್ತದೆ.

ಭಾರತದ ಹಳಿಗಳ ಮೇಲೆ ಸ್ವಿಸ್ ಕೈಗುರುತು ಹಳೆಯದು. ಊಟಿಗೆ ಹೋಗುವ ನೀಲಗಿರಿ ರೈಲು ಕಲ್ಲಾರಿನಿಂದ ಕೂನೂರಿನವರೆಗೆ ಹತ್ತುವುದು ಆಬ್ಟ್‌ನ ಹಲ್ಲುಹಳಿಯ ಮೇಲೆ. ಅದರ ಎಕ್ಸ್ ಕ್ಲಾಸ್ ಉಗಿ ಎಂಜಿನ್ನುಗಳನ್ನು ವಿಂಟರ್‌ಥೂರ್‌ನಲ್ಲಿ ವಿನ್ಯಾಸಗೊಳಿಸಿದರು. 1955ರಲ್ಲಿ ಪೆರಂಬೂರಿನಲ್ಲಿ ತೆರೆದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಸ್ವಿಟ್ಜರ್ಲೆಂಡಿನ ಶ್ಲೀರೆನ್‌ನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಹುಟ್ಟಿತು. ಕರ್ನಾಟಕದಲ್ಲೂ ದಶಕಗಳ ಕಾಲ ಓಡಿದ ನೀಲಿ ಬೋಗಿಗಳ ಉಕ್ಕಿನ ಮೈಕಟ್ಟು ಅಲ್ಲಿಯದೇ. 2018ರಲ್ಲಿ ಆ ಮಾದರಿಯ ತಯಾರಿಕೆ ನಿಂತು ಜರ್ಮನ್ ಮೂಲದ ಎಲ್‌ಎಚ್‌ಬಿ ಬೋಗಿಗಳು ಜಾಗ ಹಿಡಿದವು. ಎಂಜಿನ್ನುಗಳಲ್ಲಿ ನಂಟು ಉಳಿದಿದೆ. 1990ರ ದಶಕದಲ್ಲಿ ಎಬಿಬಿಯಿಂದ ತಂತ್ರಜ್ಞಾನ ಸಮೇತ ತರಿಸಿಕೊಂಡ ಮೂರು ಫೇಸ್‌ನ ಡಬ್ಲ್ಯುಎಜಿ-9 ಎಂಜಿನ್ನನ್ನು ಚಿತ್ತರಂಜನ್ ಕಾರ್ಖಾನೆ ಇಲ್ಲೇ ಕಟ್ಟತೊಡಗಿತು. ಅದರದೇ ಗೇರು ಬದಲಿಸಿ ರೂಪಿಸಿದ ಡಬ್ಲ್ಯುಎಪಿ-7 ಇಂದು ಬೆಂಗಳೂರಿನಿಂದ ಹೊರಡುವ ಎಷ್ಟೋ ದೂರದ ರೈಲುಗಳನ್ನು ಎಳೆಯುತ್ತಿದೆ.