ಗರ್ಭಸ್ಥ ಶಿಶುವೂ ಕೃತಕ ಹಾರ್ಮೋನೂ

೧೯೩೮ನೆಯ ಇಸವಿಯಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ಅವರ ಸಹೋದ್ಯೋಗಿಗಳು ಡೈಎಥಿಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಸ್ತ್ರೀ ಹಾರ್ಮೋನನ್ನು ಪ್ರಕಟಪಡಿಸಿದರು. ಗರ್ಭಸ್ರಾವವನ್ನು ತಡೆಯುವುದೆಂಬ ನಂಬಿಕೆಯಿಂದ ಅಮೆರಿಕದಲ್ಲಿ ಲಕ್ಷಾಂತರ ಗರ್ಭಿಣಿಯರಿಗೆ ಅದನ್ನು ಕೊಟ್ಟರು. ೧೯೫೩ರಲ್ಲಿ ಷಿಕಾಗೋ ನಗರದ ಡೀಕ್ಮನ್ ಮೊದಲಾದವರು ಔಷಧವನ್ನು ಪಡೆದ ೮೪೦ ಮಂದಿಯನ್ನು ಹುಸಿಗುಳಿಗೆಯನ್ನು ಪಡೆದ ೮೦೬ ಮಂದಿಯೊಡನೆ ಹೋಲಿಸಿ, ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿದರು. ಆದರೂ ಬಳಕೆ ನಿಲ್ಲಲಿಲ್ಲ. ೧೯೭೧ರಲ್ಲಿ ಬಾಸ್ಟನ್ನಿನ ಹರ್ಬ್‌ಸ್ಟ್ ಮೊದಲಾದವರು, ಅತಿವಿರಳವಾದ ಯೋನಿಯ ಕ್ಯಾನ್ಸರಿಗೆ ತುತ್ತಾದ ೮ ಮಂದಿಯಲ್ಲಿ ೭ ಮಂದಿಯ ತಾಯಂದಿರು ಇದನ್ನು ಸೇವಿಸಿದ್ದರೆಂದು ಕಂಡರು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು ಗರ್ಭಿಣಿಯರಿಗೆ ಇದು ಸಲ್ಲದೆಂದು ಎಚ್ಚರಿಸಿದರು.

ಮನೋರೋಗದ ವಿಚಾರ ಇಷ್ಟು ಸುಲಭವಾಗಿ ತೀರ್ಮಾನವಾಗತಕ್ಕದ್ದಲ್ಲ. ವಿರಳ ರೋಗಕ್ಕೆ ೮ ಮಂದಿಯ ಸಾಕ್ಷ್ಯವೇ ಸಾಕಾಯಿತು. ಖಿನ್ನತೆಯಾದರೋ ಬಹುಜನರಿಗುಂಟು, ಅದರ ಕಾರಣಗಳೂ ಹಲವು. ಲಂಡನ್ನಿನಲ್ಲಿ ೧೯೫೦ರ ಸುಮಾರಿಗೆ ಇಂಥದೇ ತುಲನಾತ್ಮಕ ಪ್ರಯೋಗವೊಂದು ನಡೆದಿತ್ತು. ಅದರ ದಾಖಲೆಗಳು ಉಳಿದಿದ್ದುದರಿಂದಲೇ ಆ ಮಕ್ಕಳನ್ನು ಮುಂದೆ ವಿಚಾರಿಸುವುದು ಸಾಧ್ಯವಾಯಿತು. ೧೯೮೩ರ ವರದಿಯು ಔಷಧ ಪಡೆದವರ ಸಂತಾನದಲ್ಲಿ ಖಿನ್ನತೆ, ಆತಂಕಗಳು ಹೆಚ್ಚೆಂದು ತಿಳಿಸಿತು. ೨೦೧೦ರಲ್ಲಿ ಪ್ರಕಟವಾದ ಅಮೆರಿಕದ ದಾದಿಯರ ಸಮೀಕ್ಷೆಯೂ ಸ್ತ್ರೀಯರ ಖಿನ್ನತೆಯ ವಿಷಯದಲ್ಲಿ ಇದನ್ನೇ ಸೂಚಿಸಿತು. ಎಲ್ಲ ಸಂಶೋಧಕರೂ ಏಕಾಭಿಪ್ರಾಯವುಳ್ಳವರಲ್ಲ. ಹಾರ್ಮೋನು ಗರ್ಭದಲ್ಲಿಯೇ ಮಿದುಳನ್ನು ತಟ್ಟಿತೋ, ರೋಗಭಯವೂ ಬಂಜೆತನದ ದುಃಖವೂ ಮನಸ್ಸನ್ನು ಕುಗ್ಗಿಸಿದುವೋ ಎಂಬುದು ಇನ್ನೂ ನಿರ್ಣಯವಾಗಿಲ್ಲ. ತಾಯಿಗೆ ಕೊಟ್ಟ ಔಷಧದ ಲೆಕ್ಕವನ್ನು ಮಗಳ ಆಯುಷ್ಯದವರೆಗೂ ಕಾದಿರಿಸಬೇಕೆಂಬುದು ಮಾತ್ರ ಈ ಚರಿತ್ರೆಯಿಂದ ಸಿದ್ಧವಾಗುತ್ತದೆ.