ರಾಗಿ, ಅವರೆ, ಹುರುಳಿಗಳ ಕಿಣ್ವನಿರೋಧಕವೂ ಅರ್ಬುದರೋಗವೂ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಕೆಂಗೇರಿ ಹೋಬಳಿಯ ಬೆದ್ದಲು ಹೊಲಗಳಲ್ಲಿ ರಾಗಿಯ ನಡುವೆ ಅವರೆಯನ್ನು ಅಕ್ಕಡಿಸಾಲಾಗಿ ಬಿತ್ತುವುದೂ, ಮಳೆ ತಡವಾದ ವರ್ಷ ಹುರುಳಿಯನ್ನು ಚೆಲ್ಲುವುದೂ ಪರಂಪರೆಯಿಂದ ಬಂದ ಪದ್ಧತಿಯಾಗಿದ್ದಿತು. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟುವ ವೇಳೆಗೆ ಆ ಹೊಲಗಳಲ್ಲಿ ಹಲವು ಬಡಾವಣೆಗಳಾಗಿದ್ದವು. ಆದರೆ ಈ ಧಾನ್ಯಗಳಲ್ಲಿ ಅಡಗಿರುವ ಒಂದು ಸಸಾರಜನಕದ ಚರಿತ್ರೆಯು ವಿಚಾರಾರ್ಹವಾದುದು.

ಸಸಾರಜನಕಗಳನ್ನು ಭೇದಿಸುವ ಕಿಣ್ವಗಳಿಗೆ ಪ್ರೋಟಿಯೇಸ್ ಎಂದು ಹೆಸರು. ಇವುಗಳನ್ನು ತಡೆಯುವ ನಿರೋಧಕಗಳು ಬೀಜವನ್ನು ಕೀಟಗಳಿಂದ ರಕ್ಷಿಸುತ್ತವೆ. ಹಸಿಯ ಸೋಯಾ ಅವರೆಯನ್ನು ತಿಂದ ಇಲಿಗಳು ಬೆಳೆಯವು, ಬೇಯಿಸಿದುದನ್ನು ತಿಂದರೆ ಬೆಳೆಯುವುವು ಎಂಬುದನ್ನು ಆಸ್ಬಾರ್ನ್, ಮೆಂಡಲ್ ಎಂಬ ವಿದ್ವಾಂಸರು 1917ರಲ್ಲಿ ಕಂಡರು. 1946ರಲ್ಲಿ ಬೌಮನ್ ಎಂಬವರು ಗುರುತಿಸಿದ ನಿರೋಧಕವನ್ನು 1960ರ ದಶಕದಲ್ಲಿ ಇಸ್ರೇಲಿನ ಯೆಹುದಿತ್ ಬರ್ಕ್ ಅವರು ಶುದ್ಧೀಕರಿಸಿದರು. 71 ಅಮೈನೋ ಆಮ್ಲಗಳುಳ್ಳ ಇದು ಎರಡು ತಲೆಗಳಿರುವ ಪದಾರ್ಥವು. ಒಂದು ಟ್ರಿಪ್ಸಿನ್ನನ್ನೂ ಮತ್ತೊಂದು ಕೈಮೋಟ್ರಿಪ್ಸಿನ್ನನ್ನೂ ಹಿಡಿಯುತ್ತದೆ.

ಕರ್ಣಾಟಕದ ವಿದ್ವಾಂಸರ ಪಾಲೂ ಇದರಲ್ಲಿ ಅಲ್ಪವಲ್ಲ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಶಿವರಾಜ್, ಪಟ್ಟಾಭಿರಾಮನ್ ಇವರು ಟ್ರಿಪ್ಸಿನ್ನನ್ನೂ ಪಿಷ್ಟಭೇದಕವಾದ ಅಮೈಲೇಸನ್ನೂ ಒಟ್ಟಿಗೆ ತಡೆಯುವ ರಾಗಿಯ ನಿರೋಧಕವನ್ನು 1981ರಲ್ಲಿ ವಿವರಿಸಿದರು. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಲಲಿತಾ ಗೌಡ ಮೊದಲಾದವರು 1990ರ ದಶಕದಿಂದ ಹುರುಳಿಯ ನಿರೋಧಕವನ್ನು ಶೋಧಿಸಿದರು.

ಅರ್ಬುದಕಣಗಳು ಪ್ರೋಟಿಯೇಸುಗಳನ್ನು ಸ್ರವಿಸಿ ಸುತ್ತಣ ಪೊರೆಯನ್ನು ಕರಗಿಸಿ ಹಬ್ಬುವುದರಿಂದ, ನಿರೋಧಕವು ಈ ಹಬ್ಬುವಿಕೆಗೆ ಅಡ್ಡಿಯಾದೀತೆಂದು ಊಹಿಸಲ್ಪಟ್ಟಿತು. ಅಮೆರಿಕೆಯ ಆ್ಯನ್ ಕೆನಡಿ ಮೊದಲಾದವರ ಪ್ರಯೋಗಗಳಲ್ಲಿ ಸೋಯಾ ನಿರೋಧಕವು ಪ್ರಾಣಿಗಳಲ್ಲಿ ಅರ್ಬುದವನ್ನು ತಗ್ಗಿಸಿತು. ಬಾಯಿಯ ಬಿಳಿಮಚ್ಚೆಯುಳ್ಳ 32 ರೋಗಿಗಳ ಮೇಲಿನ 2000ದ ಪರೀಕ್ಷೆಯಲ್ಲಿ ಶೇಕಡ 31ರಷ್ಟು ಮಂದಿಗೆ ಗುಣ ಕಂಡಿತು. ಆದರೆ ಹುಸಿಮದ್ದಿನೊಡನೆ ಹೋಲಿಸಿದ 2013ರ ಪರೀಕ್ಷೆಯಲ್ಲಿ ನಿರೋಧಕದಿಂದ ಶೇಕಡ 28ರಷ್ಟು ಮಂದಿಗೂ, ಹುಸಿಮದ್ದಿನಿಂದ 30ರಷ್ಟು ಮಂದಿಗೂ ಗುಣ ಕಂಡಿತು. ಹಾಗಾಗಿ ಮೊದಲ ಆಶೆಯು ಸ್ಥಿರಪಡಲಿಲ್ಲ. ನಿರೋಧಕಗಳೆಲ್ಲವೂ ಮಿತ್ರಗಳಲ್ಲವೆಂಬುದಕ್ಕೂ ಉದಾಹರಣೆಯುಂಟು: ಮಾನವದೇಹದಲ್ಲೇ ಇರುವ ಪಿ.ಎ.ಐ.-1 ಎಂಬ ನಿರೋಧಕವು ಸ್ತನಾರ್ಬುದದಲ್ಲಿ ಹೆಚ್ಚಿದಷ್ಟೂ ರೋಗವು ಪ್ರಬಲವೆಂದು ತಿಳಿದುಬಂದಿದೆ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ಲಕ್ಷಣವು ಉಕ್ತವಾಗಿದೆ. ಆಯುರ್ವೇದದಲ್ಲಿ ಹುರುಳಿಗೆ ಕುಲತ್ಥವೆಂದು ಹೆಸರು. ಈ ಎರಡನ್ನೂ ಜೋಡಿಸಿ, ನಮ್ಮ ಪೂರ್ವಿಕರು ಅರ್ಬುದಕ್ಕೆ ಹುರುಳಿಯನ್ನು ಔಷಧವಾಗಿ ತಿಳಿದಿದ್ದರೆಂದು ಹೇಳುವುದು ಪ್ರಮಾಣವಿಲ್ಲದ ಮಾತು. ಬೇಯಿಸಿದ ಅವರೆಸಾರು, ಹುರುಳಿಕಟ್ಟುಗಳು ಪುಷ್ಟಿಕರವಾದ ಆಹಾರವೇ ಹೊರತು ಚಿಕಿತ್ಸೆಯಲ್ಲ. ಧಾನ್ಯವನ್ನು ನಂಬಿ ರೋಗಿಯು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಚಿಕಿತ್ಸಾಲಯಗಳಿಗೆ ಹೋಗಲು ತಡಮಾಡಿದರೆ ಅದರ ಬೆಲೆ ಪ್ರಾಣವಾದೀತು. ಬೀಜವು ತನ್ನ ರಕ್ಷಣೆಗಾಗಿ ರಚಿಸಿಕೊಂಡ ಈ ಕವಚವು ಮನುಷ್ಯನನ್ನೂ ರಕ್ಷಿಸುವುದೇ ಎಂಬ ಪ್ರಶ್ನೆಯು ಪ್ರಯೋಗಶಾಲೆಯಲ್ಲಿ ನಿರ್ಣಯವಾಗತಕ್ಕುದು, ಅಡಿಗೆಮನೆಯಲ್ಲಲ್ಲ.